ಬೈಂಡಿಂಗ್ ಕೆಲಸದವಳ ತೋಳಿನ ಗುರುತು

ಅನುಮಾನ ನನ್ನ ಹುಟ್ಟುಗುಣ. ನಮ್ಮ ಬೀದಿಯಲ್ಲಿ ನನ್ನನ್ನು ಪತ್ತೇದಾರಿ ಅಕ್ಕ ಅಂತಲೇ ಕರೆಯುತ್ತಾರೆ. ತಿರುವಿನಲ್ಲಿ ನನ್ನ ಇಸ್ತ್ರಿ ಅಂಗಡಿ ಇದೆ. ದಿನಕ್ಕೆ ಇಪ್ಪತ್ತು ಮನೆಯ ಬಟ್ಟೆ ನನ್ನ ಮೇಜಿಗೆ ಬರುತ್ತದೆ. ಯಾರ ಕಾಲರ್ ಹರಿದಿದೆ, ಯಾರು ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದಾರೆ, ಎಲ್ಲ ನನಗೆ ಗೊತ್ತಾಗುತ್ತದೆ. ಗೊತ್ತಾಗದ್ದನ್ನು ನಾನೇ ಊಹಿಸಿಕೊಳ್ಳುತ್ತೇನೆ. ನನ್ನ ಒಂದು ಊಹೆಯಿಂದ ಎದುರುಮನೆ ಮುರಿದು ಬೀಳುವುದರಲ್ಲಿತ್ತು. ಆ ಕಥೆಯನ್ನು ನಾನೇ ಹೇಳಿಬಿಡುತ್ತೇನೆ. ಬೇರೆಯವರು ಹೇಳಿದರೆ ಉಪ್ಪು ಖಾರ ಹಚ್ಚುತ್ತಾರೆ.

ಎದುರುಮನೆಯಲ್ಲಿ ಸೈಕಲ್ ರಿಪೇರಿಯವನು, ಅವನ ತಾಯಿ, ಅವನ ಹೆಂಡತಿ. ಮದುವೆಯಾಗಿ ಎರಡು ವರ್ಷ. ಹೆಂಡತಿ ಪ್ರೆಸ್ಸಿನಲ್ಲಿ ಪುಸ್ತಕ ಬೈಂಡಿಂಗ್ ಮಾಡುತ್ತಾಳೆ. ಬಂದ ಹೊಸತರಲ್ಲಿ ಪಟಪಟ ಮಾತಾಡುತ್ತಿದ್ದವಳು ಬರಬರುತ್ತಾ ಮಂಕಾದಳು. ಅದೇ ಸಮಯಕ್ಕೆ ಅವರ ಮನೆಯ ದಿಂಬಿನ ಕವರುಗಳಲ್ಲಿ ಕಂದು ಕಲೆ ಕಾಣಿಸತೊಡಗಿತು. ಒಗೆದರೂ ಹೋಗದ, ಇಸ್ತ್ರಿಯ ಬಿಸಿಗೆ ಇನ್ನೂ ಗಟ್ಟಿಯಾಗಿ ಕೂರುವ ಕಲೆ. ಅದು ರಕ್ತ ಅಂತ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಒಂದು ದಿನ ಬಟ್ಟೆ ಗಂಟು ಕೊಡುವಾಗ ಅವಳ ರವಿಕೆಯ ತೋಳು ಮೇಲೆ ಸರಿಯಿತು. ನಿಂಬೆಹಣ್ಣಿನಷ್ಟಗಲದ ನೀಲಿ ಗುರುತು, ಅದರ ಪಕ್ಕ ಹಳದಿಗೆ ತಿರುಗಿದ ಇನ್ನೊಂದು.

"ಏನಮ್ಮಾ ಇದು?"

"ಮೇಜಿಗೆ ತಾಗಿರಬೇಕು, ಅಕ್ಕ."

ಮುಂದಿನ ವಾರ ಮತ್ತೊಂದು. ಈ ಸಲ ಬಾಗಿಲಿಗೆ ತಾಗಿತಂತೆ. ಹೆಂಗಸರಿಗೆ ಮಾತ್ರ ತಾಗುವ ಬಾಗಿಲುಗಳ ಬಗ್ಗೆ ನಾನು ಸಾಕಷ್ಟು ಕೇಳಿದ್ದೇನೆ. ಗಂಡನೋ ಮಾತಿಲ್ಲದ ಮನುಷ್ಯ, ಕೈಯಲ್ಲಿ ಸದಾ ಸ್ಪ್ಯಾನರ್. ಮುಗಿಯಿತು, ನಾನು ತೀರ್ಮಾನ ಮಾಡಿಬಿಟ್ಟೆ. ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದೆ ಬೇಕರಿಯವಳಿಗೆ ಹೇಳಿದೆ. ಬೇಕರಿಯವಳಿಗೆ ಹೇಳಿದ ಮೇಲೆ ಬೇರೆ ಯಾರಿಗೂ ಹೇಳಬೇಕಾಗಿಲ್ಲ. ಹದಿನೈದು ದಿನದಲ್ಲಿ ಅವನ ಅಂಗಡಿ ಮುಂದೆ ನಿಲ್ಲುವ ಸೈಕಲ್ಲುಗಳು ಅರ್ಧಕ್ಕರ್ಧ ಕಮ್ಮಿಯಾದವು. ಯಾಕೆ ಅಂತ ಅವನಿಗೆ ಯಾರೂ ಹೇಳಲಿಲ್ಲ.

ನಮ್ಮ ಬೀದಿಗೆ ವಾರಕ್ಕೊಮ್ಮೆ ಬರುವ ಆರೋಗ್ಯ ಕಾರ್ಯಕರ್ತೆಯನ್ನು ಎಲ್ಲರೂ ನರ್ಸಕ್ಕ ಅನ್ನುತ್ತೇವೆ. ಅವಳ ಕಿವಿಗೂ ಹಾಕಿದೆ.

"ಅನುಮಾನ ಬಂದಿದ್ದು ಒಳ್ಳೇದೇ. ಅವಳನ್ನ ಕೇಳಿದ್ಯಾ?" ಅಂದಳು.

"ಕೇಳಿದೆ. ಬಾಗಿಲು ಅಂದ್ಲು."

"ಎಲ್ಲಿ ನಿಂತು ಕೇಳಿದೆ?"

"ಇಲ್ಲೇ, ಅಂಗಡಿ ಮುಂದೆ."

"ನಾಲ್ಕು ಜನರ ಎದುರು ಕೇಳಿದ್ರೆ ಯಾರು ನಿಜ ಹೇಳ್ತಾರೆ?"

ಅವತ್ತೇ ಸಂಜೆ ನರ್ಸಕ್ಕ ಅವಳನ್ನು ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂರಿಸಿಕೊಂಡಳು. ನನ್ನನ್ನು ಹೊರಗೆ ಕಳಿಸಿದಳು. ನಾನು ಹೋದೆ, ಪರದೆಯ ಆಚೆವರೆಗೆ ಮಾತ್ರ. ತಪ್ಪು ಒಪ್ಪಿಕೊಳ್ಳುತ್ತಿದ್ದೇನೆ, ಮುಂದೆ ಕೇಳಿ.

"ಮನೇಲಿ ಯಾರಾದ್ರೂ ನಿನ್ನ ಮೇಲೆ ಕೈ ಮಾಡ್ತಾರಾ? ಏನೇ ಇದ್ರೂ ಹೇಳು, ನಾನು ನಿನ್ನ ಜೊತೆ ಇರ್ತೀನಿ."

"ಇಲ್ಲ ನರ್ಸಕ್ಕ. ಎಲ್ಲಿ ತಾಗಿತು ಅಂತ ನನಗೇ ಗೊತ್ತಾಗಲ್ಲ. ಜನ ಕೇಳ್ತಾರಲ್ಲ, ಅದಕ್ಕೆ ಮೇಜು, ಬಾಗಿಲು ಅಂತೀನಿ."

"ಮೂಗಲ್ಲಿ ರಕ್ತ ಬರುತ್ತಾ?"

"ಆಗಾಗ ಬರುತ್ತೆ. ಅರ್ಧ ಗಂಟೆ ನಿಲ್ಲಲ್ಲ. ಮಲಗಿದ್ದಾಗ ಬಂದ್ರೆ ದಿಂಬಿಗೆಲ್ಲ ಆಗುತ್ತೆ. ಪ್ರೆಸ್ಸಲ್ಲಿ ಕಾಗದದ ಅಂಚು ಬೆರಳು ಕೊಯ್ದ್ರೂ ಹಾಗೇ."

"ಮುಟ್ಟು ಎಷ್ಟು ದಿನ?"

"ಹತ್ತು ದಿನ. ಮೊದಲ ನಾಲ್ಕು ದಿನ ಗಂಟೆಗೊಮ್ಮೆ ಬಟ್ಟೆ ಬದಲಾಯಿಸಬೇಕು. ಎಲ್ಲರಿಗೂ ಹೀಗೇ ಇರುತ್ತೆ ಅಂದ್ಕೊಂಡಿದ್ದೆ."

ಆಮೇಲೆ ಅವಳು ಮೆಲ್ಲಗೆ ಇನ್ನೊಂದು ಮಾತು ಹೇಳಿದಳು. ಶುಕ್ರವಾರ ದವಡೆ ಹಲ್ಲು ಕೀಳಿಸಬೇಕು. ಹಿಂದೆ ಒಂದು ಹಲ್ಲು ಕೀಳಿಸಿದಾಗ ಮೂರು ದಿನ ರಕ್ತ ನಿಂತಿರಲಿಲ್ಲ. ಈ ಸಲ ಭಯ ಆಗುತ್ತಿದೆ.

"ಶುಕ್ರವಾರ ಬೇಡ," ಅಂದಳು ನರ್ಸಕ್ಕ. "ಮೊದಲು ರಕ್ತ ಪರೀಕ್ಷೆ ಆಗ್ಲಿ. ನೋವಿಗೆ ಅಂಗಡಿ ಮಾತ್ರೆ ತಗೋತಿದ್ರೆ ಅದನ್ನೂ ನಿಲ್ಸು. ಕೆಲವು ನೋವಿನ ಮಾತ್ರೆ ರಕ್ತ ಹೆಪ್ಪುಗಟ್ಟೋಕೆ ಬಿಡಲ್ಲ."

ಸುದ್ದಿ ಕೇಳಿ ಅವಳ ಅತ್ತೆ ಬಾಗಿಲಿಗೆ ಅಡ್ಡ ನಿಂತಳು. "ಮೊದಲೇ ರಕ್ತ ಇಲ್ಲದವಳು. ಇವಳ ಹತ್ತಿರ ಇನ್ನೂ ರಕ್ತ ತೆಗೆದು ಯಾರಿಗೆ ಮಾರ್ತೀರಿ?"

"ಎರಡು ಚಮಚದಷ್ಟು ಸಾಕು ದೊಡ್ಡಮ್ಮ. ನೀವೂ ಬನ್ನಿ, ಎದುರಿಗೇ ತೆಗೀತಾರೆ," ಅಂದಳು ನರ್ಸಕ್ಕ.

ದೊಡ್ಡಮ್ಮ ಮಗನನ್ನೂ ಕರೆದುಕೊಂಡು ಹೊರಟಳು. ನಾನೂ ಹೊರಟೆ. ಹೊಡೆತ ತಿಂದವರೂ ಇಲ್ಲ ಅಂತಲೇ ಹೇಳುತ್ತಾರೆ. ಅವಳ ಗಂಡನ ಮುಖ ಒಮ್ಮೆ ಹತ್ತಿರದಿಂದ ನೋಡಬೇಕಿತ್ತು ನನಗೆ. ಬಸ್ಸಿನಲ್ಲಿ ಪೂರ್ತಿ ದಾರಿ ನೋಡಿದೆ. ಅವನು ಹೆಂಡತಿಯ ಚೀಲ ತೊಡೆಯ ಮೇಲಿಟ್ಟುಕೊಂಡು ಕಿಟಕಿ ನೋಡುತ್ತಾ ಕೂತಿದ್ದ. ಏನೂ ಪತ್ತೆಯಾಗಲಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ರಕ್ತದ ಕಾಯಿಲೆಗೆ ಬೇರೆ ವಿಭಾಗ ಇದೆ. ಎರಡು ಸಲ ಪರೀಕ್ಷೆ ಆಯಿತು. ಅಲ್ಲಿನ ಡಾಕ್ಟರಮ್ಮ ನಮ್ಮನ್ನೆಲ್ಲ ಕೂರಿಸಿ ಹೇಳಿದರು.

"ಗಾಯ ಆದಾಗ ರಕ್ತ ಹೆಪ್ಪುಗಟ್ಟಬೇಕಲ್ಲ, ಅದಕ್ಕೆ ರಕ್ತದಲ್ಲೇ ಒಂದು ಥರದ ಅಂಟು ಇರುತ್ತೆ. ಇವರಲ್ಲಿ ಆ ಅಂಟು ಕಡಿಮೆ. ವಾನ್ ವಿಲ್ಲೆಬ್ರಾಂಡ್ ಕಾಯಿಲೆ ಅಂತಾರೆ. ಹುಟ್ಟಿನಿಂದ ಬರೋದು, ಒಬ್ಬರಿಂದ ಒಬ್ಬರಿಗೆ ಅಂಟಲ್ಲ. ಗಂಡಸರಿಗೂ ಬರುತ್ತೆ, ಹೆಂಗಸರಿಗೂ ಬರುತ್ತೆ. ಔಷಧಿ ಇದೆ. ಮುಂಚೆನೇ ಔಷಧಿ ಕೊಟ್ಟು ಹಲ್ಲು ಕೀಳಿಸಬಹುದು."

ಗಂಡ ಒಂದೇ ಮಾತು ಕೇಳಿದ: "ಹಾಗಾದ್ರೆ ಅವಳದ್ದು ತಪ್ಪಿಲ್ಲ ತಾನೇ? ಅವಳು ತನ್ನನ್ನೇ ಬೈಕೋತಿದ್ಲು." ನಾನು ನೆಲ ನೋಡಿದೆ.

ಆಮೇಲೆ ಡಾಕ್ಟರಮ್ಮ ಒಂದು ಕಾಗದ ಮುಂದಿಟ್ಟರು. ಇಂಥ ಕಾಯಿಲೆಯವರ ಮೇಲೆ ಒಂದು ಅಧ್ಯಯನ ನಡೆಯುತ್ತಿದೆಯಂತೆ. ವಾರಕ್ಕೆ ನಾಲ್ಕು ದಿನ ಅರ್ಧ ಗಂಟೆ ನಡಿಗೆ, ಹನ್ನೆರಡು ವಾರ. ಮೊದಲೊಮ್ಮೆ, ಕೊನೆಗೊಮ್ಮೆ ನೆನಪಿನ ಪರೀಕ್ಷೆ. ತಲೆಗೆ ವೈರುಗಳಿರುವ ಟೋಪಿ ಹಾಕಿ ಮಿದುಳಿನ ಅಲೆ ನೋಡುತ್ತಾರಂತೆ. ನನ್ನ ಕಿವಿ ನೆಟ್ಟಗಾಯಿತು. ದೊಡ್ಡಮ್ಮನದ್ದು ನನಗಿಂತ ಮೊದಲೇ ಆಗಿತ್ತು.

"ರೋಗ ರಕ್ತದಲ್ಲಿದೆ. ತಲೇಲಿ ಏನು ಹುಡುಕ್ತೀರಿ?"

"ಒಳ್ಳೆ ಪ್ರಶ್ನೆ. ಸೊಸೆಗೆ ಏಟಾಗುತ್ತೆ ಅಂತ ನೀವು ಅವರನ್ನ ಓಡಾಡೋಕೆ ಬಿಡ್ತೀರಾ?"

"ಇಲ್ಲ. ಪ್ರೆಸ್ಸಿಗೆ ಮಗನೇ ಸೈಕಲ್ಲಲ್ಲಿ ಬಿಡ್ತಾನೆ. ಮನೇಲಿ ಕೂತ ಕಡೆಗೇ ತಟ್ಟೆ ಕೊಡ್ತೀನಿ."

"ಪ್ರೀತಿಯಿಂದ ಮಾಡ್ತೀರಿ. ಆದ್ರೆ ಮೈ ಆಡಿದ್ರೆ ಮಿದುಳಿಗೆ ರಕ್ತ ಚೆನ್ನಾಗಿ ಹರಿಯುತ್ತೆ. ನೆನಪಿಗೆ, ಉತ್ಸಾಹಕ್ಕೆ ಬೇಕಾದ ಕೆಲವು ರಾಸಾಯನಿಕಗಳು ಹೆಚ್ಚಾಗುತ್ತವೆ. ಸಾಮಾನ್ಯ ಜನರಲ್ಲಿ ಇದನ್ನ ನೋಡಿದ್ದಾರೆ. ಭಯದಿಂದ ಕೂತೇ ಇರೋ ಇಂಥ ರೋಗಿಗಳಲ್ಲಿ ಎಷ್ಟು ಬದಲಾವಣೆ ಆಗುತ್ತೆ ಅಂತ ನನಗಿನ್ನೂ ಸರಿಯಾಗಿ ಗೊತ್ತಿಲ್ಲ. ಅದಕ್ಕೇ ಈ ಅಧ್ಯಯನ."

"ಗೊತ್ತಿಲ್ಲದವರ ಕೈಗೆ ಸೊಸೇನ ಕೊಡಬೇಕಾ?"

ಡಾಕ್ಟರಮ್ಮ ಸಿಟ್ಟಾಗಲಿಲ್ಲ. ದೊಡ್ಡಮ್ಮ ಕೇಳುತ್ತಾ ಹೋದಳು, ನಾನೂ ದನಿಗೂಡಿಸಿದೆ. ಸೇರದಿದ್ದರೆ ಚಿಕಿತ್ಸೆ ನಿಲ್ಲಿಸುತ್ತೀರಾ? ಇಲ್ಲ, ಚಿಕಿತ್ಸೆ ಸಿಕ್ಕೇ ಸಿಗುತ್ತದೆ. ನಡುವೆ ಬೇಡ ಅನಿಸಿದರೆ? ಕಾರಣ ಹೇಳದೆ ಬಿಡಬಹುದು. ತೆಗೆದ ರಕ್ತ ಎಲ್ಲಿಗೆ ಹೋಗುತ್ತದೆ? ಈ ಕಾಗದದಲ್ಲಿ ಬರೆದಿದೆ, ಅಲ್ಲಿಗೆ ಬಿಟ್ಟು ಬೇರೆಲ್ಲಿಗೂ ಹೋಗುವುದಿಲ್ಲ. ನಡೆಯುವಾಗ ಬಿದ್ದರೆ? ಔಷಧಿ ಶುರುವಾದ ಮೇಲೇ ನಡಿಗೆ, ಬಿದ್ದರೆ ಕರೆಯಲು ಈ ನಂಬರು. "ಒಂದು ಪ್ರತಿ ಮನೆಗೆ ತಗೊಂಡು ಹೋಗಿ ಓದಿ. ಇವತ್ತೇ ಸಹಿ ಮಾಡಬೇಕಾಗಿಲ್ಲ," ಅಂದರು. ಇವತ್ತೇ ಸಹಿ ಮಾಡಿ ಅಂದಿದ್ದರೆ ದೊಡ್ಡಮ್ಮ ಎದ್ದು ಹೊರಟುಬಿಡುತ್ತಿದ್ದಳು. ವಾರ ಬಿಟ್ಟು ಬಂದು ಸೊಸೆಯೇ ಸಹಿ ಮಾಡಿದಳು.

ಆವತ್ತೇ ಡಾಕ್ಟರಮ್ಮ ಹಾಳೆಯ ಮೇಲೆ ಅವಳ ವಂಶದ ಚಿತ್ರ ಬರೆಯತೊಡಗಿದರು. ಗಂಡಿಗೆ ಚೌಕ, ಹೆಣ್ಣಿಗೆ ದುಂಡು.

"ನಿಮ್ಮ ತಾಯಿ?"

"ತೀರಿಕೊಂಡ್ರು. ಆಗ ನನಗೆ ಎಂಟು ವರ್ಷ. ಎರಡನೇ ಹೆರಿಗೇಲಿ. ಮಗೂನೂ ಉಳೀಲಿಲ್ಲ."

"ಏನಾಗಿತ್ತು?"

"ಅಪ್ಪ ಹೊಡೆದಿದ್ದಕ್ಕೆ ಹಾಗಾಯ್ತು ಅಂತಾರೆ. ಅಮ್ಮನ ಮೈಮೇಲೆ ಯಾವಾಗ್ಲೂ ನೀಲಿ ಗುರುತು ಇರ್ತಿತ್ತು. ಅಜ್ಜಿ ನನ್ನನ್ನ ಕರ್ಕೊಂಡು ಬಂದ್ಬಿಟ್ರು. ಹದಿನೇಳು ವರ್ಷ ಆಯ್ತು, ನಾನು ಅಪ್ಪನ ಜೊತೆ ಮಾತಾಡಿಲ್ಲ. ಮದುವೆಗೂ ಕರೀಲಿಲ್ಲ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಹೊಡೆದಿದ್ದನ್ನ ನೀವು ನೋಡಿದ್ದೀರಾ?"

"ಇಲ್ಲ. ಪಕ್ಕದ ಮನೆಯವರು ಹೇಳಿದ್ದು."

ಪಕ್ಕದ ಮನೆಯವರು ಅಂದಾಗ ನನಗೆ ಬೇಕರಿ ನೆನಪಾಯಿತು.

"ಹೆರಿಗೆ ಆದ ಮೇಲೆ ರಕ್ತ ನಿಲ್ಲಲೇ ಇಲ್ವಂತೆ," ಅಂದಳು ಅವಳು. ಹೇಳುತ್ತಿದ್ದ ಹಾಗೇ ಅವಳಿಗೆ ಅರ್ಥವಾಗುತ್ತಾ ಬಂತು. "ಅಮ್ಮನಿಗೂ ಮೂಗಲ್ಲಿ ಬರ್ತಿತ್ತು. ಕರವಸ್ತ್ರ ಒಗೀತಾನೇ ಇರ್ತಿದ್ರು."

"ಈಗ ಅವರನ್ನ ಪರೀಕ್ಷೆ ಮಾಡೋಕೆ ಆಗಲ್ಲ, ಖಂಡಿತ ಅಂತ ನಾನು ಹೇಳಲಾರೆ. ಆದ್ರೆ ಇದು ಸಾಮಾನ್ಯವಾಗಿ ತಂದೆಯಿಂದಲೋ ತಾಯಿಯಿಂದಲೋ ಬರೋದು. ನಿಮ್ಮ ತಂದೆ ಬಂದು ರಕ್ತ ಕೊಟ್ರೆ, ಯಾರ ಕಡೆಯಿಂದ ಬಂತು ಅಂತ ಹೆಚ್ಚು ಕಡಿಮೆ ಗೊತ್ತಾಗುತ್ತೆ."

ಅಪ್ಪನಿಗೆ ಫೋನ್ ಮಾಡಲು ಅವಳಿಗೆ ನಾಲ್ಕು ದಿನ ಬೇಕಾಯಿತು. ಅಷ್ಟರಲ್ಲಿ ಔಷಧಿ ಕೊಟ್ಟು ಹಲ್ಲು ಕಿತ್ತಿದ್ದರು, ಸಂಜೆಯೊಳಗೆ ರಕ್ತ ನಿಂತಿತ್ತು. ನಾನು ಅದೇ ವಾರ ಬೇಕರಿ ಮುಂದೆ ನಿಂತು, ನಾಲ್ಕು ಜನ ಕೇಳುವ ಹಾಗೆ, ಸೈಕಲ್ ರಿಪೇರಿಯವನ ಹತ್ತಿರ ಕ್ಷಮೆ ಕೇಳಿದೆ. ಅವನು ನನ್ನನ್ನೇ ನೋಡಿ, "ನೀವಾ ಅಕ್ಕ ಅದು?" ಅಂದ. ಬೈದಿದ್ದರೆ ಚೆನ್ನಾಗಿತ್ತು.

ಅವಳ ಅಪ್ಪ ಬಂದ. ಮರ ಕೊಯ್ಯುವ ಮಿಲ್ಲಿನಲ್ಲಿ ಕೆಲಸವಂತೆ, ಅಂಗಿಯ ಹೊಲಿಗೆಯಲ್ಲೆಲ್ಲ ಮರದ ಪುಡಿ. ಮಗಳ ಎದುರು ಕೂರಲೂ ಹೆದರಿ ಗೋಡೆ ಪಕ್ಕ ನಿಂತಿದ್ದ. ಡಾಕ್ಟರಮ್ಮ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ. ಹೆಂಡತಿಗೆ ಎಷ್ಟು ಹೊತ್ತು ಮೂಗಲ್ಲಿ ರಕ್ತ ಬರುತ್ತಿತ್ತು, ಯಾವ ತಿಂಗಳು ಕಾಲಿನಲ್ಲಿ ಎಂಥ ಗುರುತು ಇತ್ತು, ಎಲ್ಲ ನೆನಪಿತ್ತು ಅವನಿಗೆ. ಫಲಿತಾಂಶ ಬಂತು. ಅವನ ರಕ್ತದಲ್ಲಿ ಏನೂ ಕೊರತೆ ಇರಲಿಲ್ಲ. ತಾಯಿಯ ಕಡೆಯಿಂದಲೇ ಬಂದಿರುವ ಸಾಧ್ಯತೆ ಹೆಚ್ಚು ಅಂದರು.

ಮಗಳು ಅವನ ಕೈ ಹಿಡಿದುಕೊಂಡು ಅತ್ತಳು. "ಅಪ್ಪಾ, ನೀವು ಯಾಕೆ ಹೇಳಲಿಲ್ಲ?"

"ಅವಳ ಮೇಲೆ ಒಂದು ದಿನಾನೂ ಕೈ ಮಾಡಿಲ್ಲ ಅಂತ ಯಾರಿಗೆ ಹೇಳಲಿ ಮಗಳೇ? ಎಲ್ಲರೂ ನನ್ನ ಬಗ್ಗೆ ಮಾತಾಡಿದ್ರು. ಏನಾಯ್ತಪ್ಪಾ ಅಂತ ನನ್ನನ್ನ ಕೇಳಿದ್ದು ಈ ಡಾಕ್ಟರಮ್ಮನೇ ಮೊದಲು."

ದೊಡ್ಡಮ್ಮ ಕಣ್ಣೊರೆಸಿಕೊಂಡು ಅವನಿಗೆ ಕುರ್ಚಿ ಎಳೆದು ಕೊಟ್ಟಳು. ಈಗ ಅತ್ತೆ ಸೊಸೆ ಇಬ್ಬರೂ ಬೆಳಿಗ್ಗೆ ಅರ್ಧ ಗಂಟೆ ನಡೆಯುತ್ತಾರೆ. ಹೆಜ್ಜೆಗೊಮ್ಮೆ ದೊಡ್ಡಮ್ಮನ ಗೊಣಗಾಟ ಇದ್ದೇ ಇರುತ್ತದೆ. ಸೊಸೆ ಮತ್ತೆ ಪಟಪಟ ಮಾತಾಡುತ್ತಿದ್ದಾಳೆ. ಅದು ನಡಿಗೆಯಿಂದಲೋ ಔಷಧಿಯಿಂದಲೋ ಅಪ್ಪ ಸಿಕ್ಕಿದ್ದರಿಂದಲೋ, ಡಾಕ್ಟರಮ್ಮ ಇನ್ನೂ ಹೇಳಿಲ್ಲ. ಅಧ್ಯಯನ ಮುಗಿದಿಲ್ಲ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಒಮ್ಮೆ ನೋಡಿ. ಮೂಗಿನ ರಕ್ತ ಹತ್ತು ನಿಮಿಷ ಒತ್ತಿ ಹಿಡಿದರೂ ನಿಲ್ಲುವುದಿಲ್ಲವೇ? ತಾಗಿದ್ದೇ ಗೊತ್ತಿಲ್ಲದೆ ಮೈ ನೀಲಿಯಾಗುತ್ತದೆಯೇ? ಮುಟ್ಟು ವಾರ ದಾಟುತ್ತದೆಯೇ, ಗಂಟೆಗೊಮ್ಮೆ ಬಟ್ಟೆ ಬದಲಾಯಿಸಬೇಕೇ? ಹಲ್ಲು ಕಿತ್ತಾಗ, ಹೆರಿಗೆಯಾದಾಗ ಮನೆಯಲ್ಲಿ ಯಾರಿಗಾದರೂ ರಕ್ತ ನಿಲ್ಲದೆ ಹೋಗಿತ್ತೇ? ನಮ್ಮ ಮನೆಯವರ ಮೈಯೇ ಹೀಗೆ ಅಂತ ಸುಮ್ಮನಿರಬೇಡಿ. ಆರೋಗ್ಯ ಕಾರ್ಯಕರ್ತೆಗೆ ಹೇಳಿ, ರಕ್ತ ಪರೀಕ್ಷೆ ಮಾಡಿಸಿ. ಕಾಯಿಲೆ ಇದ್ದರೆ ಡಾಕ್ಟರನ್ನು ಕೇಳಿ, ಅವರು ಹೇಳಿದಷ್ಟು ನಡೆದಾಡಿ. ಅಧ್ಯಯನಕ್ಕೆ ಕರೆದರೆ ದೊಡ್ಡಮ್ಮನ ಹಾಗೆ ಎಲ್ಲ ಪ್ರಶ್ನೆ ಕೇಳಿ, ಕಾಗದ ಓದಿಸಿಕೊಂಡೇ ಸಹಿ ಮಾಡಿ.

ಪಕ್ಕದ ಮನೆಯವಳ ಮೈಮೇಲೆ ಗುರುತು ಕಂಡರೆ ಅನುಮಾನ ಪಡಿ, ಖಂಡಿತ ಪಡಿ. ಹೊಡೆತವೇ ಆಗಿದ್ದರೆ ಅವಳ ಜೊತೆ ನಿಲ್ಲಿ. ಆದರೆ ಮೊದಲು ಅವಳನ್ನು ಒಬ್ಬಳೇ ಇರುವಾಗ ಕೂರಿಸಿಕೊಂಡು ಕೇಳಿ. ನಾನು ಬೇಕರಿಗೆ ಹೋದೆ, ನೀವು ಹೋಗಬೇಡಿ.