ಎರಡು ಸಲ ಎಣಿಸಿದ್ದು

ಬೆರಳಿನ ತುದಿಯಲ್ಲಿ ಸುಟ್ಟು ಸುಲಿದಿದ್ದ ಚರ್ಮವನ್ನು ರೂಪಶ್ರೀ ಕತ್ತರಿಸುತ್ತಿದ್ದರೂ ಶಿವಗಂಗಮ್ಮನಿಗೆ ಗೊತ್ತಾಗಲಿಲ್ಲ. ಅವಳ ಗಮನವೆಲ್ಲ ಜಗಲಿಯ ಕಡೆಗಿತ್ತು.

"ಎಷ್ಟು ಜನ ಅವ್ರೆ ನೋಡು," ಎಂದಳು.

"ಇರ್ಲಿ ಬಿಡವ್ವ. ಕೈ ಅಲ್ಲಾಡಿಸಬೇಡ. ಇದನ್ನ ಯಾವಾಗ ಸುಟ್ಕಂಡೆ?"

"ಯಾವ್ದ?"

ಸಕ್ಕರೆ ಕಾಯಿಲೆ ಮೊದಲು ಅವಳ ಕಣ್ಣು ತಿಂದಿತ್ತು, ಆಮೇಲೆ ಬೆರಳುಗಳ ಸ್ಪರ್ಶ. ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿ, ಏನೂ ಆಗದವಳಂತೆ ಉಂಡು ಮಲಗುತ್ತಿದ್ದಳು. ಹಾಸನದ ಒಂದು ನರ್ಸಿಂಗ್ ಹೋಮಿನಲ್ಲಿ ಹದಿನಾಲ್ಕು ವರ್ಷದಿಂದ ನರ್ಸಾಗಿದ್ದ ರೂಪಶ್ರೀ ಇಂಥ ಕೈಗಳನ್ನು ದಿನಾ ನೋಡುವವಳೇ. ತನ್ನ ತಾಯಿಯ ಕೈಯೂ ಹೀಗಾಗಿದೆಯೆಂದು ತಿಳಿದದ್ದು ಮಾತ್ರ ಪಕ್ಕದ ಮನೆಯ ಭವ್ಯಶ್ರೀ ಫೋನ್ ಮಾಡಿದಾಗ. "ಅಕ್ಕಾ, ನಾನು ತಂಗಿ ಬಾಣಂತನಕ್ಕೆ ಅರಕಲಗೂಡಿಗೆ ಓಯ್ತಾ ಇವ್ನಿ. ನೀವು ಬರ್ದಿದ್ರೆ ನಿಮ್ಮವ್ವ ಒಂದಿನ ಮನೆ ಸಮೇತ ಸುಟ್ಕಂಡ್ಬುಡ್ತದೆ," ಎಂದಿದ್ದಳು ಅವಳು. ರೂಪಶ್ರೀ ಹನ್ನೆರಡು ದಿನ ರಜೆ ಹಾಕಿದಳು. ಬಾಗೂರಿನಲ್ಲಿ ಬಸ್ಸು ಇಳಿದ ಮೇಲೂ ಟೀ ಕುಡಿಯುವ ನೆಪದಲ್ಲಿ ಅರ್ಧ ಗಂಟೆ ಕಳೆದಳು.

ಹನ್ನೊಂದು ವರ್ಷದಿಂದ ಅವಳು ಆ ಮನೆಗೆ ಕಾಲಿಟ್ಟಿರಲಿಲ್ಲ. ಅಪ್ಪ ಗಂಗಾಧರಯ್ಯನಿಗೆ ಎದೆನೋವು ಬಂದ ದಿನ ಅವ್ವ ಕವಡೆ ಹಾಕಿ, ಇವತ್ತು ಹೊರಡಕೂಡದು ಎಂದಿದ್ದಳು. ರೂಪಶ್ರೀ ಹಾಸನದಿಂದ ಫೋನಿನಲ್ಲಿ ಬೇಡಿಕೊಂಡಳು, ಬೈದಳು, ಕೊನೆಗೆ ಆಂಬುಲೆನ್ಸ್ ಕಳಿಸಿದಳು. ಅದು ಖಾಲಿ ವಾಪಸ್ಸು ಬಂತು. ಮಾರನೆಯ ದಿನ ಅಪ್ಪ ತೀರಿಕೊಂಡ. ಮಣ್ಣು ಮಾಡಿ ಬಂದವಳೇ, "ನಿನ್ನ ಕವಡೆ ನಮ್ಮಪ್ಪನ್ನ ತಿಂತು," ಎಂದು ಅವ್ವನ ಮುಖಕ್ಕೆ ಹೇಳಿ ಬ್ಯಾಗು ಎತ್ತಿಕೊಂಡಿದ್ದಳು. ಶಿವಗಂಗಮ್ಮ ತುಟಿ ಬಿಚ್ಚಿರಲಿಲ್ಲ.

ಜಗಲಿಯ ಮೇಲೆ ಮಾತ್ರ ಜನ ಕಡಿಮೆಯಾಗಿರಲಿಲ್ಲ. ಕಣ್ಣು ಹೋದ ಮೇಲೆ ಶಾಸ್ತ್ರ ಇನ್ನೂ ನಿಜವಾಗುತ್ತದೆಂದು ಸುದ್ದಿ ಹಬ್ಬಿತ್ತು. ಒಬ್ಬನಿಗೆ ಬೋರ್‌ವೆಲ್ ಎಲ್ಲಿ ಕೊರೆಸಬೇಕೆಂಬ ಚಿಂತೆ. ಇನ್ನೊಬ್ಬಳಿಗೆ ಎರಡು ಸಲ ಫೇಲಾದ ಮಗ ಮೂರನೆಯ ಸಲವಾದರೂ ಪಾಸಾಗುತ್ತಾನೋ ಎಂಬ ಚಿಂತೆ. ಚೆನ್ನಯ್ಯ ಎಂಬವನ ಮೊಬೈಲು ಕಳೆದಿತ್ತು. ಅದು ಮೂಡಲ ದಿಕ್ಕಿಗಿದೆ ಎಂದು ಅವ್ವ ಹೇಳುತ್ತಿದ್ದಂತೆಯೇ ಹೊರಗೆ ಅವನ ಸ್ಕೂಟರಿನ ಸೀಟಿನಡಿಯಿಂದ ರಿಂಗಾಯಿತು. "ಗಾಡಿ ಮೂಡ್ಲಿಗೇ ನಿಲ್ಸಿದ್ದೆ ಕಣವ್ವ!" ಎಂದು ಅವನು ಅಡ್ಡಬಿದ್ದ. ರೂಪಶ್ರೀಗೆ ನಗುವೂ ಬಂತು, ಅದರ ಹಿಂದೆಯೇ ಸಿಟ್ಟೂ ಬಂತು.

ಇದ್ದದ್ದು ಹನ್ನೆರಡು ಕವಡೆ. ಏಳೋ ಅದಕ್ಕಿಂತ ಹೆಚ್ಚೋ ಬಾಯಿ ಮೇಲಾಗಿ ಬಿದ್ದರೆ ಅಂದುಕೊಂಡ ಕೆಲಸಕ್ಕೆ ಹೊರಡಬಹುದು. ಕಡಿಮೆ ಬಿದ್ದರೆ ಬೇಡ. ಅವ್ವ ಮೊರದಲ್ಲಿ ಕವಡೆ ಚೆಲ್ಲಿದರೆ ಇಷ್ಟು ದಿನ ಭವ್ಯಶ್ರೀ ಎಣಿಸಿ ಹೇಳುತ್ತಿದ್ದಳು. ಈಗ ಆ ಕೆಲಸ ಮಗಳ ಪಾಲಿಗೆ ಬಂತು.

"ನೀನು ನಂಬಬೇಕು ಅಂತೇನಿಲ್ಲ. ಎಣ್ಸಿ ಯೋಳು, ಅಷ್ಟೆಯ," ಎಂದಿದ್ದಳು ಅವ್ವ.

ನಾಲ್ಕನೆಯ ದಿನ ಹಿರೀಸಾವೆ ಕಡೆಯ ತಿಮ್ಮಪ್ಪ ಎಂಬ ರೈತ ಹೆಂಡತಿ ಸಾಕಮ್ಮನನ್ನು ಕರೆದುಕೊಂಡು ಬಂದ. ಜಗಲಿಯ ಎರಡು ಮೆಟ್ಟಿಲು ಹತ್ತುವಷ್ಟರಲ್ಲಿ ಅವಳಿಗೆ ಏದುಸಿರು.

"ಆರು ತಿಂಗ್ಳಿಂದ ರಕ್ತ ಓಯ್ತಾನೇ ಅದೆ ಕಣವ್ವ," ಎಂದ ತಿಮ್ಮಪ್ಪ. "ಗರ್ಭಕೋಶದಲ್ಲಿ ಗೆಡ್ಡೆ ಅಂತೆ. ಸೋಮ್ವಾರ ಆಪರೇಷನ್‌ಗೆ ಬನ್ನಿ ಅಂದವ್ರೆ ಡಾಕ್ಟ್ರು. ಇವ್ಳು ನೋಡುದ್ರೆ ವಲ್ಲೆ ಅಂತಾಳೆ."

ಸಾಕಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, "ಅಲ್ಲಿಂದ ವಾಪಸ್ ಬತ್ತೀನಿ ಅಂತ ನಂಗೆ ಅನ್ನುಸ್ತಿಲ್ಲ ಕಣವ್ವ. ನೀವು ಬ್ಯಾಡ ಅಂದ್ಬುಟ್ರೆ ಇವ್ರೂ ಸುಮ್ಕಾಯ್ತಾರೆ," ಎಂದಳು.

ಅವಳ ಕಣ್ಣಿನ ಕೆಳರೆಪ್ಪೆಯ ಒಳಗು ಸುಣ್ಣ ಬಳಿದಂತೆ ಬೆಳ್ಳಗಿದ್ದುದನ್ನು ರೂಪಶ್ರೀ ನೋಡಿದಳು. ಹೀಗೇ ಬಿಟ್ಟರೆ ಇನ್ನು ಎರಡೋ ಮೂರೋ ತಿಂಗಳು.

ಕವಡೆ ಬಿದ್ದವು. ರೂಪಶ್ರೀ ಎಣಿಸಿದಳು. ನಾಲ್ಕು. ಮತ್ತೊಮ್ಮೆ ಎಣಿಸಿದಳು. ನಾಲ್ಕೇ. ಖಾಲಿ ಬಂದ ಆಂಬುಲೆನ್ಸಿನ ಹಿಂಬದಿಯ ಬಾಗಿಲು ಕಣ್ಣಿಗೆ ಕಟ್ಟಿತು.

"ಒಂಬತ್ತು," ಎಂದಳು.

"ಎಷ್ಟು?"

"ಒಂಬತ್ತು ಕಣವ್ವ."

ಸಾಕಮ್ಮ ಬಗ್ಗಿ ಮೊರದೊಳಗೆ ನೋಡುವಷ್ಟರಲ್ಲಿ ರೂಪಶ್ರೀ ಕವಡೆಗಳನ್ನು ಅಂಗೈಯಿಂದ ಬಳಿದು ಒಟ್ಟುಮಾಡಿದಳು.

"ಓಗ್ಬನ್ನಿ," ಎಂದಳು ಶಿವಗಂಗಮ್ಮ. "ತಡ ಮಾಡಬ್ಯಾಡಿ."

ಮಧ್ಯಾಹ್ನ ಮುದ್ದೆ ಮುರಿಯುತ್ತ ಕೂತಿದ್ದಾಗ ಅವ್ವ ಇದ್ದಕ್ಕಿದ್ದಂತೆ, "ಒಂಬತ್ತು ಬಿದ್ದಿರ್ಲಿಲ್ಲ," ಎಂದಳು.

"ನಿಂಗೆ ಹೆಂಗೆ ಗೊತ್ತು?"

"ಎರಡು ಸಲ ಎಣ್ಸುವಷ್ಟು ಹೊತ್ತು ತಕಂಡೆ. ಒಂಬತ್ತು ಬಿದ್ದಿದ್ರೆ ಒಂದೇ ಸಲಕ್ಕೆ ಯೋಳ್ತಿದ್ದೆ."

"ಗೊತ್ತಿದ್ದೂ ಯಾಕೆ ಸುಮ್ನಾದೆ?"

"ನಾನೂ ಒಂದ್ಸಲ ಅಂಗೇ ಮಾಡಿವ್ನಿ." ಅವ್ವ ತಟ್ಟೆಯ ಅಂಚನ್ನು ತಡವುತ್ತಿದ್ದಳು. "ನಿಮ್ಮಪ್ಪನ ದಿನ ಎಂಟು ಬಿದ್ದಿದ್ದು. ಓಗು ಅಂತ್ಲೇ ಬಿದ್ದಿತ್ತು. ಅವ್ರೇ ನನ್ನ ಕೈ ಇಡ್ಕಂಡು, 'ಆಸ್ಪತ್ರೆ ಅಂದ್ರೆ ನಂಗೆ ಭಯ ಆಯ್ತದೆ ಗಂಗಾ. ನಾನು ವಲ್ಲೆ ಅಂದ್ರೆ ಮಗಳು ಬುಡಾಕಿಲ್ಲ. ಕವಡೆ ಬ್ಯಾಡ ಅಂತದೆ ಅಂತ ನೀನೇ ಯೋಳ್ಬುಡು' ಅಂದ್ರು."

ರೂಪಶ್ರೀಯ ಕೈ ತಟ್ಟೆಯಲ್ಲೇ ನಿಂತಿತು. "ಹನ್ನೊಂದು ವರ್ಷ ಯಾಕೆ ಹೇಳ್ಲಿಲ್ಲ?"

"ಎದುರ್ಕಂಡು ಸತ್ರು ಅಂತ ಮಗಳತ್ರ ಯೆಂಗೆ ಯೋಳ್ಲಿ? ನನ್ನ ಬೈಕಂಡಾದ್ರೂ ಇರ್ಲಿ ಅಂದ್ಕಂಡೆ. ಸಾರು ಆಕು."

ರೂಪಶ್ರೀ ಸಾರು ಹಾಕಿದಳು. ಅವ್ವನ ಬೆರಳಿಗೆ ಬಿಸಿ ತಾಗದಂತೆ ಆರಿಸಿ ಹಾಕಿದಳು. ಆ ದಿನದಿಂದ ಅವರಿಬ್ಬರ ನಡುವೆ ಮಾತು ಹೆಚ್ಚಾಯಿತೆಂದೇನೂ ಅಲ್ಲ. ಆದರೆ ಹಾಸನಕ್ಕೆ ತನ್ನ ಜೊತೆಗೇ ಬಂದು ಇರೆಂದು ಕೇಳಿದಾಗ ಶಿವಗಂಗಮ್ಮ, "ಆಗ್ಲಿ" ಎಂದಳು. ಹೊರಡುವ ದಿನವೂ ನಿಗದಿಯಾಯಿತು.

ಅದರ ಹಿಂದಿನ ದಿನ ತಿಮ್ಮಪ್ಪ ಒಬ್ಬನೇ ಬಂದ. ಗಡ್ಡ ಬೆಳೆದಿತ್ತು. ಜಗಲಿಯ ಮೇಲೆ ಕೂತು, ಕೊಟ್ಟ ನೀರನ್ನು ಪೂರ್ತಿ ಕುಡಿದು ಲೋಟ ಕೆಳಗಿಟ್ಟ.

"ಸಾಕಮ್ಮ ಓದ್ಲು ಕಣವ್ವ. ಆಪರೇಷನ್ನೇನೋ ಸರಿಯಾಗೇ ಆಯ್ತು. ಮೂರ್ನೇ ದಿನ ಎದ್ದು ಕೂತ್ಕಂಡು ಗಂಜಿ ಕುಡುದ್ಲು. ಆಮೇಲೆ ಇದ್ದಕ್ಕಿದ್ದಂಗೆ ಉಸ್ರು ಕಟ್ಕತು. ಕಾಲಲ್ಲಿ ರಕ್ತ ಎಪ್ಪುಗಟ್ಟಿ ಶ್ವಾಸಕೋಶಕ್ಕೆ ಓಯ್ತಂತೆ. ಯಾರ ತಪ್ಪೂ ಅಲ್ಲ ಅಂದ್ರು."

ತಿಮ್ಮಪ್ಪ ಖಾಲಿ ಲೋಟವನ್ನು ಪಕ್ಕಕ್ಕೆ ಸರಿಸಿದ.

"ಒಂದು ಕೇಳಾವ ಅಂತ ಬಂದೆ. ಅವತ್ತು ಓಗು ಅಂತ್ಲೇ ಬಿದ್ದಿತ್ತು ತಾನೆ? ಆಟೋ ಹತ್ತೋವಾಗ್ಲೂ ವಲ್ಲೆ ವಲ್ಲೆ ಅಂತಿದ್ಲು. ಅವ್ವ ಯೋಳವ್ರೆ ನಡಿ ಅಂತ ನಾನೇ ರಟ್ಟೆ ಇಡ್ದು ಕೂರುಸ್ದೆ."

ರೂಪಶ್ರೀ ಬಾಯಿ ತೆರೆದಳು. ಅಷ್ಟರಲ್ಲಿ ಬ್ಯಾಂಡೇಜು ಸುತ್ತಿದ ಕೈಯೊಂದು ತಡವಿಕೊಂಡು ಬಂದು ಅವಳ ಮೊಣಕಾಲನ್ನು ಅದುಮಿತು.

"ನಾನೇ ಯೋಳಿದ್ದು ಕಣಪ್ಪ," ಎಂದಳು ಶಿವಗಂಗಮ್ಮ. "ಬೈಯೋದಾದ್ರೆ ನನ್ನೇ ಬೈಯಿ."

"ಬೈಯಾಕೆ ಬರ್ಲಿಲ್ಲ ಬುಡಿ," ಎಂದು ತಿಮ್ಮಪ್ಪ ಎದ್ದ.

ಅವನು ಬೀದಿ ತಿರುಗುವವರೆಗೂ ರೂಪಶ್ರೀ ಕೂತೇ ಇದ್ದಳು. ಆಮೇಲೆ ಚಪ್ಪಲಿ ಮೆಟ್ಟಿ ಹೊರಟವಳು ಅವನನ್ನು ಹಿಡಿದದ್ದು ಬಸ್ಸು ನಿಲ್ಲುವ ಕಡೆ. ಆಪರೇಷನ್ ಮಾಡಿಸದಿದ್ದರೂ ಆಕೆ ಉಳಿಯುತ್ತಿರಲಿಲ್ಲ, ಯಾವ ನರ್ಸನ್ನು ಕೇಳಿದ್ದರೂ ಹೋಗಿ ಎಂದೇ ಹೇಳುತ್ತಿದ್ದಳು. ಇದನ್ನೆಲ್ಲ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು. ಅವನ ಎದುರಿಗೆ ನಿಂತಾಗ ಬಾಯಿಗೆ ಬಂದದ್ದು ಒಂದೇ ಮಾತು.

"ಯಜಮಾನ್ರೇ, ಅವತ್ತು ಎಣಿಸಿದ್ದು ನಾನು."

"ಗೊತ್ತಲ್ಲವ್ವ. ಕಣ್ಣಿಲ್ಲದೋರಿಗೆ ನೀವೇ ತಾನೆ ಯೋಳ್ಬೇಕು." ತಿಮ್ಮಪ್ಪ ಅವಳ ಮುಖವನ್ನೇ ನೋಡಿದ. "ಒಂಬತ್ತು ತಾನೆ ಬಿದ್ದಿದ್ದು?"

ಹೊಳೆಯುವ ಬಿಸಿಲಿನಲ್ಲಿ ಬಸ್ಸು ಬಂದು ನಿಂತಿತು. ಕಂಡಕ್ಟರ್ ಕೂಗತೊಡಗಿದ.

"ಹೂಂ," ಎಂದಳು ರೂಪಶ್ರೀ. "ಒಂಬತ್ತೇ."

ಅವನು ತಲೆಯಾಡಿಸಿ ಬಸ್ಸು ಹತ್ತಿದ. ಎರಡು ಸೀಟು ಖಾಲಿಯಿದ್ದ ಕಡೆ ಕಿಟಕಿಯ ಪಕ್ಕ ಕೂತು, ಹೆಗಲ ಮೇಲಿನ ಟವೆಲ್ಲು ತೆಗೆದು ಪಕ್ಕದ ಜಾಗಕ್ಕೆ ಹಾಕಿದ. ಬಸ್ಸು ಹೊರಟ ಮೇಲೆ ಅದರತ್ತ ತಿರುಗಿ ನೋಡಿದ. ಮೆಲ್ಲಗೆ ಎಳೆದುಕೊಂಡು ತೊಡೆಯ ಮೇಲಿಟ್ಟು ಮಡಿಸತೊಡಗಿದ.