ಮೂರು ಮಠಕ್ಕೊಬ್ಬಳು ರಾಣಿ

ಥೂ, ಆ ವಾಸನೆ ನೆನೆದರೆ ಈಗಲೂ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಕುದಿಯುವ ದ್ರಾಕ್ಷಾರಸ, ಉಪ್ಪು, ಲವಂಗ, ಅದರೊಳಗೆ ನಮ್ಮ ರಾಣಿ ಅವೆಲಿನಾ.

ಬದುಕಿದ್ದಾಗ ಅವಳೆದುರು ಕೆಮ್ಮುವ ಧೈರ್ಯ ಯಾರಿಗಿತ್ತು? ಗಂಡ ಸತ್ತ ಮೇಲೆ ರಾಜ್ಯ ನುಂಗಲು ಬಂದ ಮೈದುನರನ್ನು ಗಡಿಯಾಚೆ ಅಟ್ಟಿದವಳು. ಕೊಬ್ಬಿದ ಬಿಷಪ್ಪನನ್ನು ಕೆಸರಿನಲ್ಲಿ ಬರಿಗಾಲಲ್ಲಿ ನಡೆಸಿ ಅರಮನೆಗೆ ಕರೆಸಿಕೊಂಡವಳು. ನಾನು ತಿಫೇನ್, ಅವಳ ತಲೆ ಬಾಚುತ್ತಿದ್ದವಳು. ಬೇಸಿಗೆಯಲ್ಲಿ ಗಡಿಯ ಕೋಟೆಗಳನ್ನು ನೋಡಲು ಹೊರಟವಳಿಗೆ ದಾರಿಯಲ್ಲೇ ಜ್ವರ ಬಂತು. ಸಾಯುವ ಮುಂಚೆ ನನ್ನ ಕೈ ಹಿಡಿದುಕೊಂಡಳು.

"ನನ್ನ ಬ್ರೆಸೋಲಿಗೆ ಕರ್ಕೊಂಡು ಹೋಗೇ. ಮಗು ಪಕ್ಕ ಮಲಗ್ಸು. ಇವರು ಕುಯ್ಯೋಕೆ ಬರ್ತಾರೆ, ಬಿಡಬೇಡ."

ಬ್ರೆಸೋಲ್ ಒಂದು ಬಡ ಹಳ್ಳಿ. ಮೈದುನರ ಮೇಲೆ ದಂಡೆತ್ತಿ ಹೋಗುವಾಗ ಅವಳ ಹಸುಗೂಸು ಅಲ್ಲಿ ತೀರಿಕೊಂಡಿತ್ತು. ಮಣ್ಣು ಮುಚ್ಚಿದ ಕೈಯಲ್ಲೇ ಅವಳು ಕುದುರೆ ಹತ್ತಿದ್ದಳು. ಆಮೇಲೆ ಅತ್ತ ಹೋಗಲು ರಾಜ್ಯ ಪುರುಸೊತ್ತು ಕೊಡಲಿಲ್ಲ. ನಾನು ಆಗಲಿ ಅಂದೆ.

ಅಂದರೇನು ಬಂತು? ನಮ್ಮಲ್ಲಿ ದೊಡ್ಡವರು ಊರಿಂದ ದೂರ ಸತ್ತರೆ ಕುದಿಸಿ ಎಲುಬು ಬಿಡಿಸುತ್ತಾರೆ. ಹೃದಯ ಒಂದು ಕಡೆ, ಕರುಳು ಒಂದು ಕಡೆ, ಎಲುಬು ಇನ್ನೊಂದು ಕಡೆ. ಹೆಚ್ಚು ಸಮಾಧಿಯಾದಷ್ಟೂ ಹೆಚ್ಚು ಪ್ರಾರ್ಥನೆಯಂತೆ. ಹೆಣ ತಣ್ಣಗಾಗುವ ಮೊದಲೇ ಮೂರು ಮಠದ ಹಿರಿಯರು ಬಂದು ಕೂತರು.

"ಹೃದಯ ನಮಗೆ," ಅಂದ ಒಬ್ಬ.

"ನಿಮ್ಹತ್ರ ಅವರ ಮಾವನ ಹೃದಯ ಇದೆಯಲ್ಲ. ಈ ಸಲ ಕರುಳು ತಗೊಳ್ಳಿ," ಅಂದ ಇನ್ನೊಬ್ಬ.

"ಕರುಳು ನೋಡೋಕೆ ಯಾವ ಯಾತ್ರಿಕ ಬರ್ತಾನೆ ಸ್ವಾಮಿ?"

ಸಂತೆಯಲ್ಲಿ ಹಂದಿ ಪಾಲು ಮಾಡುವವರೂ ಇವರಿಗಿಂತ ಮಾನವಂತರು. ನಾನು ಅವಳ ಮಗ ಥಿಯೆರಿಯ ಕಾಲಿಗೆ ಬಿದ್ದೆ.

"ಪ್ರಭು, ಅಮ್ಮ ಇಡಿಯಾಗಿ ಮಣ್ಣಾಗ್ಬೇಕು ಅಂದಿದ್ರು. ಬ್ರೆಸೋಲಲ್ಲಿ."

"ಮೂರು ಮಠ ಬೆನ್ನಿಗಿಲ್ದಿದ್ರೆ ನನ್ನ ಕಿರೀಟ ನಿಲ್ಲುತ್ತೇನು? ನೀನು ತಲೆ ಬಾಚೋಳು. ಬಾಚೋದು ಮುಗೀತು, ಏಳು."

ಹೆತ್ತ ಮಗ. ಅವನ ಮುಖಕ್ಕೆ ಉಗಿಯಬೇಕು ಅನ್ನಿಸಿತು. ಉಗುಳು ನುಂಗಿಕೊಂಡೆ.

ಅಡುಗೆಯ ಗೋಬೆರ್ ಮೂಗಿಗೆ ಹುಳಿತ ದ್ರಾಕ್ಷಾರಸದಲ್ಲಿ ಅದ್ದಿದ ಬಟ್ಟೆ ಕಟ್ಟಿಕೊಂಡು ಒಲೆ ಮುಂದೆ ನಿಂತಿದ್ದ. "ಅಕ್ಕಾ, ನೀನು ಆಚೆ ಹೋಗು, ನೋಡ್ಬೇಡ," ಅಂದ. ನಾನು ಹೋಗಲಿಲ್ಲ. ಒಬ್ಬ ಸನ್ಯಾಸಿ ಆಗಾಗ ಬಂದು ಸೌಟಿನಿಂದ ತಿವಿದು, ಬೆಂದಿದೆಯೋ ಇಲ್ಲವೋ ನೋಡಿ ಹೋಗುತ್ತಿದ್ದ. ಗೋಡೆ ಹಿಡಿದು ಕಾರಿಕೊಂಡೆ, ಮತ್ತೆ ಬಂದು ನಿಂತೆ.

ಎಲುಬನ್ನು ತೊಳೆದು ರೇಷ್ಮೆಯಲ್ಲಿ ಸುತ್ತಿದರು. ಹೃದಯ ಬೆಳ್ಳಿಯ ಭರಣಿಗೆ ಹೋಯಿತು, ಕರುಳು ಸೀಸದ ಪೆಟ್ಟಿಗೆಗೆ. ಕೊಪ್ಪರಿಗೆಯಲ್ಲಿ ಬೆಂದ ಮಾಂಸ ಉಳಿಯಿತು.

"ಇದನ್ನೇನ್ ಮಾಡ್ಲಿ?" ಅಂದ ಗೋಬೆರ್.

ಹಿರಿಯ ಸನ್ಯಾಸಿ ಮುಖ ಸಿಂಡರಿಸಿದ. "ಅದು ಯಾರಿಗೆ ಬೇಕು? ಹಿತ್ತಲಲ್ಲಿ ಎಲ್ಲಾದ್ರೂ ಹೂತಾಕು."

"ನಂಗೆ ಕೊಡಿ," ಅಂದೆ ನಾನು. ಹುಚ್ಚಿಯನ್ನು ನೋಡುವಂತೆ ನೋಡಿದರು. ಬೇಡ ಅನ್ನಲು ಮಾತ್ರ ಯಾರಿಗೂ ಕಾರಣವಿರಲಿಲ್ಲ. ಗೋಬೆರ್ ಉಪ್ಪುಮೀನಿನ ಪೀಪಾಯಿ ತೊಳೆದು, ಕೆಡದಿರಲೆಂದು ಅದೇ ಹುಳಿರಸ ಹೊಯ್ದು ತುಂಬಿಕೊಟ್ಟ. ನಾನು ಗಾಡಿಗೆ ಹೇಸರಗತ್ತೆ ಕಟ್ಟುವಾಗ ಅವನು ಅದೇ ಕೊಪ್ಪರಿಗೆ ಉಜ್ಜಿ ಬಟಾಣಿ ಸಾರಿಗಿಟ್ಟಿದ್ದ. ದುಃಖಕ್ಕೆ ಬಂದ ದೊಡ್ಡವರು ಸೊರ್ ಸೊರ್ ಎಂದು ಕುಡಿದರು. ಆ ಹಿರಿಯ ಸನ್ಯಾಸಿ ಇನ್ನೊಂದು ಬಟ್ಟಲು ಕೇಳಿದ್ದನ್ನು ನನ್ನ ಕಿವಿಯಾರೆ ಕೇಳಿದೆ.

ಬ್ರೆಸೋಲಿನ ಮುದಿ ಪಾದ್ರಿಗೆ ನಾನು ಏನನ್ನೂ ಮುಚ್ಚಿಡಲಿಲ್ಲ. ಅವನು ಪೀಪಾಯಿಯಿಂದ ದೂರ ಸರಿದು ನಿಂತ.

"ಎಲುಬಿಲ್ಲ, ಹೃದಯ ಇಲ್ಲ. ಇದಕ್ಕೆ ನಾನು ಹೇಗೆ ತಾಯಿ ಸಂಸ್ಕಾರ ಮಾಡ್ಲಿ?"

ನನಗೆ ಮೈಯೆಲ್ಲ ಉರಿಯಿತು. "ಅವರವರಿಗೆ ಬೇಕಾದ್ದು ಅವರವರು ಹೊತ್ಕೊಂಡು ಹೋದ್ರು. ಇಲ್ಲಿ ಮಲಗಿರೋ ಮಗು ಬೆಳೆದಿದ್ದು ಇದ್ರೊಳಗೆ. ಹಾಲು ಕುಡಿದಿದ್ದು ಇದ್ರಿಂದ. ನಿಮ್ಗೂ ಬೇಡ್ವಾದ್ರೆ ಹೇಳಿ, ನಾನೇ ತೋಡ್ತೀನಿ."

ಪಾದ್ರಿ ಒಳಗೆ ಹೋಗಿ ಗುದ್ದಲಿ ತಂದ. ಇಬ್ಬರೂ ತೋಡಿದೆವು. ಮಗುವಿನ ಪೆಟ್ಟಿಗೆ ಕಂಡಿತು, ಎರಡು ಮೊಳವೂ ಇರಲಿಲ್ಲ. ಅದಕ್ಕೆ ತಾಗಿಸಿ ಪೀಪಾಯಿ ಇಳಿಸಿದೆವು. ಪಾದ್ರಿ ಕೈ ಒರೆಸಿಕೊಂಡು ಕೇಳಿದ.

"ಪ್ರಾರ್ಥನೇಲಿ ಏನಂತ ಹೇಳ್ಲಿ? ಮಹಾರಾಣಿ ಅವೆಲಿನಾ ಅಂತ್ಲಾ?"

"ಬೇಡ. ರಾಣೀನ ಅವ್ರು ಹಂಚ್ಕೊಂಡಾಯ್ತು. ಈ ಮಗುವಿನಮ್ಮ ಅನ್ನಿ, ಸಾಕು."

ಅವನು ಹಾಗೆಯೇ ಹೇಳಿದ.