ಡಬ್ಬದಲ್ಲಿ ಉಳಿದ ರೀಲು

ಸತ್ತವನನ್ನು ಹೊಗಳದೆ, ಸೇರಿದವರನ್ನು ನೋಯಿಸದೆ ಹತ್ತು ನಿಮಿಷ ಮಾತಾಡುವುದು ಹೇಗೆ ಎಂದು ರಘುಪತಿ ನರಸಿಂಹರಾಜಪುರದ ಬಸ್ಸಿನಲ್ಲಿ ನಿಂತೇ ಯೋಚಿಸುತ್ತಿದ್ದ. ಬಾಳಗಡಿಯ ಕಾಲೇಜಿನಲ್ಲಿ ಹದಿನೆಂಟು ವರ್ಷ ಕನ್ನಡ ಪಾಠ ಮಾಡಿದವನಿಗೆ ಇದೇನು ಮಹಾ ಕಷ್ಟವಲ್ಲ. ಆದರೆ ಸತ್ತವನು ಭುಜಂಗರಾಜ್.

ಎಪ್ಪತ್ತರ ದಶಕದಲ್ಲಿ ಒಂದೇ ಏಟಿಗೆ ನಾಲ್ವರನ್ನು ಉರುಳಿಸುತ್ತಿದ್ದ ಆ ಸಿನಿಮಾ ನಟನ ಬಗ್ಗೆ ರಘುಪತಿ ಇಪ್ಪತ್ತೈದರ ಹರೆಯದಲ್ಲಿ ಒಂದು ಲೇಖನ ಬರೆದಿದ್ದ. ಹೆಸರು 'ಮರದ ಮುಖ'. ಈತನಿಗೆ ಮೈಯಿದೆ, ಮುಖವಿಲ್ಲ, ಕಾರಣವಿಲ್ಲದೆ ಹೊಡೆಯುತ್ತಾನೆ, ಕಾರಣ ಕೇಳದೆ ಶಿಳ್ಳೆ ಹಾಕುವ ಸಮಾಜ ನಮ್ಮದು, ಎಂದು. ಲೇಖನ ದೊಡ್ಡವರ ಕಣ್ಣಿಗೆ ಬಿತ್ತು, ಪಠ್ಯಕ್ಕೂ ಸೇರಿತು. ಆಮೇಲೆ ಅವನು ಬರೆದದ್ದನ್ನು ಯಾರೂ ಓದಲಿಲ್ಲ. ಇಪ್ಪತ್ತು ವರ್ಷದಿಂದ ಆ ಒಂದು ಲೇಖನದ ಬಲದ ಮೇಲೆಯೇ ಅವನು ವಿಮರ್ಶಕ.

ಕೊಪ್ಪದಲ್ಲಿ ಸೀಡಿ ಅಂಗಡಿ ಇಟ್ಟ ಧರ್ಮೇಶ್ ಅದನ್ನು ಓದಿದವನಲ್ಲ. ಮೊನ್ನೆ ಮನೆಗೇ ಬಂದಿದ್ದ.

"ಭಾನುವಾರ ಸಂಜೆ ಶ್ರದ್ಧಾಂಜಲಿ ಸರ್. ನೀವು ಎರಡು ಮಾತಾಡ್ಬೇಕು. ಭುಜಂಗಣ್ಣನ ಮೇಲೆ ಬರ್ದಿದೀರಂತಲ್ಲ."

"ಬರೆದಿದ್ದೆ."

"ಅದಕ್ಕೇ ಮಾರಾಯ್ರೆ. ಎನ್.ಆರ್. ಪುರದಲ್ಲಿ ಟೆಂಟ್ ಸಿನಿಮಾದ ಗಿಡ್ಡಯ್ಯನ ಹತ್ರ ದೊಡ್ಡ ಫೋಟೋ ಇದೆಯಂತೆ. ನಿಮ್ಮೂರೇ ಅಲ್ವಾ, ತರ್ತೀರಾ?"

ಅವನು ಹೋದ ಮೇಲೆ ಹೆಂಡತಿ ಶಾಲಿನಿ ಕೇಳಿದ್ದಳು. "ಒಪ್ಪಿದ್ದು ಎಂತಕ್ಕೆ?"

"ಯಾರಾದ್ರೂ ನಿಜ ಹೇಳ್ಬೇಕಲ್ಲ."

"ಸತ್ತೋರ ಎದುರಿಗಾ?"

ಅದಕ್ಕೆ ಅವನು ಪತ್ರಿಕೆ ಬಿಡಿಸಿ ಹಿಡಿದಿದ್ದ.

ಗಿಡ್ಡಯ್ಯ ಜಗಲಿಯಲ್ಲಿ ಹಚ್ಚದ ಬೀಡಿಯೊಂದನ್ನು ಬಾಯಲ್ಲಿಟ್ಟುಕೊಂಡು ಕೂತಿದ್ದ. ಹಚ್ಚಬಾರದೆಂದು ಡಾಕ್ಟರು ಹೇಳಿದ್ದರಂತೆ. ಟೆಂಟು ಇದ್ದಷ್ಟು ಕಾಲ ಅಲ್ಲಿ ಪ್ರೊಜೆಕ್ಟರ್ ನಡೆಸಿದವನು ಅವನೇ. ಫೋಟೋ ಆಗಲೇ ಒರೆಸಿಟ್ಟಿದ್ದ. ಕಾಫಿ ಬಂತು. ರಘುಪತಿಗೆ ಸುಮ್ಮನಿರಲು ಆಗಲಿಲ್ಲ.

"ನೂರಾರು ಸಲ ನೋಡಿದೋರು ನೀವು. ಅವನಿಗೆ ನಟನೆ ಬರ್ತಿತ್ತಾ?"

"ಬರ್ತಿತ್ತು ಮೇಷ್ಟ್ರೆ. ನೀವು ನೋಡ್ಲಿಲ್ಲ ಅಷ್ಟೆ."

"ನಾನು ಒಂದೂ ಬಿಟ್ಟಿಲ್ಲ. ಎಲ್ಲಾ ನಿಮ್ಮ ಟೆಂಟಲ್ಲೇ ನೋಡಿದ್ದು."

"ಅದನ್ನೇ ಹೇಳಿದ್ದು ನಾನು."

ಆಗ ಬಾಳೆಹೊನ್ನೂರಿಗೆ ಕೊನೆಯ ಬಸ್ಸು ರಾತ್ರಿ ಒಂಬತ್ತಕ್ಕೆ ಇತ್ತು. ತೋಟಗಳಿಂದ ಬಂದವರೆಲ್ಲ ಅದನ್ನೇ ಹಿಡಿಯಬೇಕು. ಚಿತ್ರದ ಹದಿನಾರು ರೀಲನ್ನೂ ಓಡಿಸಿದರೆ ಬಸ್ಸು ತಪ್ಪುತ್ತಿತ್ತು. ಬಸ್ಸು ತಪ್ಪಿದವರು ಮತ್ತೆ ಟೆಂಟಿನ ಕಡೆ ತಲೆ ಹಾಕುತ್ತಿರಲಿಲ್ಲ. ಹಾಗಾಗಿ ಪ್ರತಿ ಆಟಕ್ಕೂ ಎರಡು ರೀಲು ಡಬ್ಬದಲ್ಲೇ ಉಳಿಯುತ್ತಿದ್ದವು. ಗಿಡ್ಡಯ್ಯ ಇದನ್ನು ಅಕ್ಕಿಯಲ್ಲಿ ಕಲ್ಲು ಆರಿಸಿದಷ್ಟೇ ಸಹಜವಾಗಿ ಹೇಳಿದ.

"ಯಾವ್ದು ಬಿಡ್ತಿದ್ರಿ?"

"ಅಳೋದು. ಫೈಟ್ ಬಿಟ್ರೆ ಟೆಂಟೇ ಹರೀತಿದ್ರು." ಬೀಡಿಯನ್ನು ಬಾಯಿಂದ ತೆಗೆದ. "ಅಕ್ಕ ಸಾಯೋದು ಒಂದಿತ್ತು. ಸೀರೆ ತಗೊಂಡು ಮನೆಗೆ ಬರ್ತಾನೆ, ಅಕ್ಕ ಇಲ್ಲ. ಪೊಟ್ಟಣ ಬಿಚ್ಚಿದೋನು ಹಂಗೇ ವಾಪಸ್ ಮಡಿಸ್ತಾನೆ. ಅಷ್ಟೆ. ಬೆಳಿಗ್ಗೆ ಪ್ರಿಂಟ್ ನೋಡ್ವಾಗ ನಾನೊಬ್ನೇ ಕೂತು ಅಳ್ತಿದ್ದೆ."

ಕಾರಣವಿಲ್ಲದೆ ಹೊಡೆಯುತ್ತಾನೆ. ಕಾರಣ ಡಬ್ಬದಲ್ಲಿತ್ತು.

"ನಾನು ಬರ್ದಿದ್ದು ಗೊತ್ತಾ ನಿಮ್ಗೆ?"

"ಮೊಮ್ಮಗಳ ಪುಸ್ತಕದಲ್ಲಿತ್ತು. ಓದಿ ಹೇಳಿದ್ಲು."

"ಮತ್ತೆ ನಂಗೆ ಹೇಳ್ಲಿಲ್ಲ."

"ತಪ್ಪು ನಂದಲ್ವಾ ಮೇಷ್ಟ್ರೆ. ಯಾವ ಬಾಯಲ್ಲಿ ಹೇಳ್ಲಿ?"

ಹಿಂತಿರುಗುವ ಬಸ್ಸಿನಲ್ಲಿ ಸೀಟು ಸಿಕ್ಕಿತು. ಫೋಟೋ ತೊಡೆಯ ಮೇಲೆ ನಿಲ್ಲದೆ ಜಾರುತ್ತಿತ್ತು. ಮೈಸೂರಿನಲ್ಲಿ ಓದುವಾಗ ಅದೇ ಚಿತ್ರಗಳು ಮತ್ತೆ ಬಂದಿದ್ದವು. ಆ ಟಿಕೇಟಿನ ಸಾಲಿನಲ್ಲಿ ಗೆಳೆಯರ ಕಣ್ಣಿಗೆ ಬೀಳಲು ನಾಚಿ ಅವನು ಹೋಗಿರಲಿಲ್ಲ. ನೆನಪಿನಿಂದಲೇ ಬರೆದಿದ್ದ. ಈಗ ಅವನಿಗೆ ನಾಚಿಕೆಯಾಗಲಿಲ್ಲ, ಭಯವಾಯಿತು. ಆ ಲೇಖನ ಹೋದರೆ ತನ್ನಲ್ಲಿ ಉಳಿಯುವುದೇನು ಎಂದು ಹುಡುಕಿ ನೋಡಿದ. ಏನೂ ಸಿಗಲಿಲ್ಲ.

ನಾನು ತಪ್ಪು ಬರೆದೆ ಎಂದು ಸಂಜೆ ಹೇಳಿಬಿಡುವುದು. ಮೂರೇ ಪದ. ಕೊಪ್ಪ ಬರುವಷ್ಟರಲ್ಲಿ ಆ ಮೂರು ಪದಕ್ಕೆ ಹಿಂದೆ ಮುಂದೆ ಎಷ್ಟೋ ವಾಕ್ಯಗಳು ಸೇರಿಕೊಂಡಿದ್ದವು.

ಸಭೆಯಲ್ಲಿ ನಲವತ್ತು ಜನರಿದ್ದರು. ಹೊಟ್ಟೆ ಬಂದ, ತಲೆ ಬೆಳ್ಳಗಾದ ಗಂಡಸರು; ಕೆಲವರು ಮಾತ್ರ ಇನ್ನೂ ಭುಜಂಗರಾಜನ ಹಾಗೆಯೇ ಕ್ರಾಪು ಬಾಚಿದ್ದರು. ಶಾಲಿನಿ ಹಿಂದಿನ ಸಾಲಿನಲ್ಲಿ ಕೂತಿದ್ದಳು.

ರಘುಪತಿ ಎದ್ದು ಗಂಟಲು ಸರಿಮಾಡಿಕೊಂಡ. "ಭಾವವನ್ನು ತೋರದೆ ಇರುವುದೂ ಒಂದು ಅಭಿನಯ," ಎಂದ. "ಮರದ ಮುಖ ಎಂದು ನಾನು ಅಂದು ಬರೆದದ್ದು ಆ ಅರ್ಥದಲ್ಲೇ." ಮಾತು ತಾನಾಗಿ ಹರಿಯಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಚಪ್ಪಾಳೆ ಬಿತ್ತು. ಶಾಲಿನಿ ತಟ್ಟಲಿಲ್ಲ.

ಧರ್ಮೇಶ್ ಟಿವಿಗೆ ಒಂದು ಚಿತ್ರದ ಎರಡನೇ ಡಿಸ್ಕ್ ಹಾಕಿ ರಿಮೋಟನ್ನು ಅವನ ಕೈಗಿತ್ತ. "ನೀವೇ ತೋರ್ಸಿ ಸರ್. ತಿಳಿದೋರು."

ಭುಜಂಗರಾಜ್ ಹೊಸಿಲು ದಾಟಿ ಒಳಗೆ ಬಂದ. ಕೈಯಲ್ಲಿ ಕಾಗದದ ಪೊಟ್ಟಣ. ರಘುಪತಿಗೆ ತಕ್ಷಣ ತಿಳಿಯಿತು. ಆತ ದಾರ ಬಿಚ್ಚಿ, ಸೀರೆಯ ಅಂಚನ್ನು ಒಮ್ಮೆ ಸವರಿದ. ಯಾರೋ ಒಳಗಿಂದ ಏನೋ ಹೇಳಿದರು. ಕೆಳತುಟಿ ಅದುರಿತು, ಇಡೀ ಮುಖ ನಿಧಾನವಾಗಿ ತನ್ನ ಜಾಗ ಬಿಟ್ಟು ಕದಲತೊಡಗಿತು. ರಘುಪತಿಯ ಹಿಂದೆ ಯಾರೋ ಮೂಗು ಒರೆಸಿಕೊಂಡರು. ಇನ್ನೊಬ್ಬರು ಬಿಕ್ಕಿದರು. ಅದೇ ಟೆಂಟಿನಲ್ಲಿ ನೋಡಿ ಬೆಳೆದ ಇವರೂ ಇದನ್ನು ಈಗಲೇ ಮೊದಲು ನೋಡುತ್ತಿದ್ದಾರೆ.

ಅವನ ಹೆಬ್ಬೆರಳು ಮುಂದಕ್ಕೆ ಓಡಿಸುವ ಗುಂಡಿ ಒತ್ತಿತು.

ದನಿ ನಿಂತುಹೋಯಿತು. ಮುಖ ಸರಸರನೆ ಅತ್ತು ಮುಗಿಸಿತು. ಕೈಗಳು ಜವಳಿ ಅಂಗಡಿಯ ಆಳಿನ ಹಾಗೆ ಅವಸರದಲ್ಲಿ ಸೀರೆ ಮಡಿಸಿದವು. ಹೆಣ ಎತ್ತಿದರು, ಸುಟ್ಟರು. ಆಮೇಲೆ ಹೊಡೆದಾಟ. ಜನ ಸದ್ದಿಲ್ಲದೆ ಹಾರಿದರು, ಬಿದ್ದರು, ಎದ್ದರು, ಮತ್ತೆ ಬಿದ್ದರು.

"ಸರ್, ಫೈಟ್ ಬಂತು, ಬಿಡಿ," ಎಂದ ಧರ್ಮೇಶ್. ಸ್ವಲ್ಪ ತಡೆದು, "ಸರ್," ಎಂದ.

ಬೆರಳು ಏಳಲಿಲ್ಲ. ನಾಯಕ ಗೆದ್ದು, ಗಾಯಗೊಂಡು, ಮತ್ತೆ ಗೆದ್ದು ಓಡಿದ. ಡಿಸ್ಕ್ ಮುಗಿದು ಟಿವಿ ಬರೀ ನೀಲಿಯಾಯಿತು. ಆ ನೀಲಿ ಬೆಳಕಿನಲ್ಲಿ ನಲವತ್ತು ಒದ್ದೆ ಮುಖಗಳು ಅವನ ಕಡೆ ತಿರುಗಿದ್ದವು. ಅವನು ಟಿವಿಯನ್ನೇ ನೋಡುತ್ತ, ಗುಂಡಿ ಒತ್ತಿಕೊಂಡೇ ಕೂತಿದ್ದ.